ನೋಡಿಕೊಳ್ಳುವ ಕೈಗಳಿಗೂ ಒಂದು ಕಟ್ಟುಪಾಡಿರಲಿ

ಮಂಡ್ಯ, ಮದ್ದೂರು, ಮಳವಳ್ಳಿಯ ಬಂಧುಗಳೇ,

ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ಹಾಸಿಗೆ ಹಿಡಿದ ತಂದೆತಾಯಿಯನ್ನು ಸಂಬಳದವರ ಕೈಗೋ ವೃದ್ಧಾಶ್ರಮಕ್ಕೋ ಒಪ್ಪಿಸುವುದು ನಮ್ಮ ಕಡೆಯೂ ಈಗ ಹೊಸದಲ್ಲ. ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ, ಅದನ್ನು ತಪ್ಪೆನ್ನಲಾರೆ. ಆದರೆ ಒಪ್ಪಿಸುವಾಗ ಸಂಬಳ ಎಷ್ಟು, ರಜೆ ಯಾವಾಗ ಎಂದೆಲ್ಲ ಮಾತಾಡುವ ನಾವು, ನೋಡಿಕೊಳ್ಳುವವರು ಏನನ್ನು ಎಂದೂ ಮಾಡಕೂಡದು ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ದಯವಿಟ್ಟು ಅದನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆಯಿರಿ. ಓದಿ ಹೇಳಿ, ಎರಡೂ ಕಡೆಯವರು ರುಜು ಹಾಕಿ.

ಆ ಹಾಳೆಯ ಮೊದಲ ಸಾಲು ಹೆಬ್ಬೆಟ್ಟಿನದಾಗಿರಲಿ. 2023ರ ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆಯಾಯಿತು. ಆ ರಸ್ತೆಯ ಆಸುಪಾಸಿನಲ್ಲಿ ಅರಿವು ಮಂಕಾದ ಅಜ್ಜನೊಬ್ಬನ ಹೆಸರಿಗೆ ಪಹಣಿ ಇದ್ದರೆ ಆ ನೆಲದ ಮೇಲೆ ಎಷ್ಟು ಕಣ್ಣು ಬೀಳುತ್ತವೆಂದು ನಿಮಗೇ ಗೊತ್ತು. ಆರೈಕೆಗೆ ಬಂದವರು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳಕೂಡದು, ಎಟಿಎಂ ಕಾರ್ಡು, ಪಿಂಚಣಿ ಹಣ ಮುಟ್ಟಕೂಡದು. ಈ ಮಾತು ನೆಂಟರಿಗೂ ಅನ್ವಯ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತನ್ನು ಪತ್ರದಲ್ಲೇ ಬರೆಸಿ. ನಮ್ಮ ಮೂರೂ ತಾಲ್ಲೂಕಿಗೆ ಈ ನ್ಯಾಯಮಂಡಳಿ ಇರುವುದು ಮಂಡ್ಯದ ಉಪವಿಭಾಗಾಧಿಕಾರಿ ಬಳಿ. ಜೀವನಾಂಶಕ್ಕೆ ಅರ್ಜಿ ಹಾಕುವುದೂ ಇಲ್ಲಿಯೇ; ಹಿರಿಯರಿಗೆ ಆ ಶಕ್ತಿ ಇಲ್ಲದಿದ್ದರೆ ಅವರು ಒಪ್ಪಿದ ಯಾರಾದರೂ ಕೊಡಬಹುದು.

ಎರಡನೆಯದು ಹಗ್ಗ. "ಎದ್ದು ಬಿದ್ಬುಡ್ತಾರೆ ಸಾ, ಅದ್ಕೇ ಕಟ್ಟಾಕಿದ್ವಿ" ಎಂಬ ಮಾತನ್ನು ಸುಲಭವಾಗಿ ಒಪ್ಪಿಬಿಡುತ್ತೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ವೈದ್ಯರು ಬರೆಯದ ನಿದ್ದೆ ಮಾತ್ರೆಯೂ ಕಣ್ಣಿಗೆ ಕಾಣದ ಸರಪಳಿಯೇ.

ಮಿಕ್ಕವು ಸಣ್ಣವೆನಿಸಬಹುದು. ಸ್ನಾನ ಮಾಡಿಸುವಾಗ ಬಾಗಿಲು ಹಾಕಬೇಕು, ಮೊಬೈಲು ಹೊರಗಿರಬೇಕು. ಮುದ್ದೆ ನುಂಗಲು ಹೊತ್ತು ಹಿಡಿದರೆ ತಟ್ಟೆ ಎತ್ತಬಾರದು.

ಮಕ್ಕಳ ಹಾಸ್ಟೆಲ್‌ಗಳಿಗೂ ಇದೇ ಮಾತು. 2022ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಕಟ್ಟೇರಿಯ ಹಾಸ್ಟೆಲ್ ಹುಡುಗಿಯರು, ತಮ್ಮೊಡನೆ ಅಸಭ್ಯವಾಗಿ ನಡೆದುಕೊಂಡರೆಂದು ಮುಖ್ಯೋಪಾಧ್ಯಾಯರಿಗೇ ಹೊಡೆದರು. ಅವರ ಧೈರ್ಯವನ್ನು ಮೆಚ್ಚಿದೆವು. ಮಕ್ಕಳು ದೊಣ್ಣೆ ಹಿಡಿಯುವ ತನಕ ದೊಡ್ಡವರ ಕಿವಿಗೆ ಏನೂ ಬೀಳಲಿಲ್ಲವಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ, ಇಂಥದ್ದು ಗೊತ್ತಿದ್ದೂ ದೂರು ಕೊಡದೆ ಸುಮ್ಮನಿರುವುದೇ ಅಪರಾಧ.

ಆರೈಕೆ ಮಾಡುವವರ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಹೊರಗುತ್ತಿಗೆಯ ಆಯಾ ಒಬ್ಬಳೇ ರಾತ್ರಿಯಿಡೀ ವಾರ್ಡು ತುಂಬ ಜನರ ಮಲಮೂತ್ರ ಬಳಿದು, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುತ್ತಿದ್ದರೆ, ಅವಳ ಸಹನೆಯನ್ನಷ್ಟೇ ಅಳೆಯುವುದು ಅನ್ಯಾಯ. ಸರದಿ, ವಾರದ ರಜೆ, ಹೊತ್ತಿಗೆ ಸಂಬಳ ಕೂಡ ಅದೇ ಹಾಳೆಯಲ್ಲಿರಲಿ. ಕಟ್ಟುಪಾಡು ಮೊದಲು ಆಡಳಿತದವರಿಗೆ, ಆಮೇಲೆ ಆಯಾಗೆ.

ಹಾಳೆ ಬರೆದರಷ್ಟೇ ಸಾಲದು. ಹಿರಿಯರಿರುವ ಕಡೆಗೆ ಊಟದ ಹೊತ್ತಿಗೆ, ಹೇಳದೆ ಹೋಗಿ. ಮಣಿಕಟ್ಟಿನಲ್ಲಿ ಹಗ್ಗದ ಗುರುತಿದೆಯೇ ನೋಡಿ, ಮಗ್ಗುಲಾಗಿಸಿ ಬೆನ್ನಿನಲ್ಲಿ ಹಾಸಿಗೆ ಹುಣ್ಣಾಗಿದೆಯೇ ನೋಡಿ. ಹಿರಿಯರೊಡನೆ ಒಬ್ಬರೇ ಕೂತು ಮಾತಾಡಿ. ಅದಕ್ಕೆ ಅಡ್ಡ ಬರುವ ಕಡೆ ಅವರನ್ನು ಒಂದು ದಿನವೂ ಬಿಡಬೇಡಿ. ಅನುಮಾನ ಬಂದರೆ ಹಿರಿಯರಿಗಾಗಿ 14567, ಮಕ್ಕಳಿಗಾಗಿ 1098ಕ್ಕೆ ಕರೆ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಿಮ್ಮ ವ್ಯಾಪ್ತಿಯ ಪ್ರತಿ ಹಾಸ್ಟೆಲ್, ವೃದ್ಧಾಶ್ರಮದ ಗೋಡೆಯ ಮೇಲೆ ಈ ನಿಯಮಗಳನ್ನೂ ಈ ಎರಡು ಸಂಖ್ಯೆಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಕೇಳಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ.