ಬಾವುಟವೂ ರಾಜ್ಯಾಂಗವೂ

ಸಾಮ್ರಾಜ್ಯದ ನೊಗವನ್ನು ಕಿತ್ತೊಗೆಯುವುದು ಒಂದು ಕಾರ್ಯ. ಆಮೇಲೆ ಪ್ರಜಾರಾಜ್ಯವನ್ನು ಕಟ್ಟಿಕೊಳ್ಳುವುದು ಮತ್ತೊಂದು. ಮೊದಲನೆಯದಕ್ಕೆ ಎದೆಗಾರಿಕೆ ಬೇಕು. ಎರಡನೆಯದಕ್ಕೆ ಕೂಡಿ ಕುಳಿತು ವಿಚಾರಮಾಡುವ ಅಭ್ಯಾಸ ಬೇಕು. ಮೊದಲನೆಯದನ್ನು ಹಾಡಿ ಹೊಗಳುವ ನಾವು ಎರಡನೆಯದನ್ನು ಮರೆಯುತ್ತಿದ್ದೇವೆಂಬುದು ನನ್ನ ಅಭಿಪ್ರಾಯ.

ನಮ್ಮ ಮಂಗಳೂರನ್ನೇ ನೋಡೋಣ. 1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ನುಂಗಿ, ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತನು ಈಗ ನಗದು ಹಣ ತರಬೇಕಾಯಿತು; ಅದಕ್ಕಾಗಿ ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಆ ರೈತರು ಸುಳ್ಯದ ಕಡೆಯಿಂದ ಹೊರಟು, ಏಪ್ರಿಲ್ 5ರಂದು ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟವನ್ನೇರಿಸಿದರು. 13 ದಿನ ಮಂಗಳೂರು ಅವರದಾಗಿತ್ತು. ಬಳಿಕ ಕುಂಪಣಿಯ ಸೈನ್ಯವು ದಂಗೆಯನ್ನು ಅಡಗಿಸಿತು. ನಂದಾವರದ ಲಕ್ಷ್ಮಪ್ಪ ಬಂಗರಸರನ್ನು ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಿದರು.

ಅಮೆರಿಕದ 13 ವಸಾಹತುಗಳನ್ನು ಆಂಗ್ಲರ ವಿರುದ್ಧ ಕೆರಳಿಸಿದುದೂ ತೆರಿಗೆಯೇ. ಆದರೆ 1776ರಲ್ಲಿ ಅರಸನನ್ನು ತೊರೆದ ಅವರು ಇನ್ನೊಬ್ಬ ಅರಸನನ್ನು ಹುಡುಕಲಿಲ್ಲ. ನಮ್ಮವರಾದರೋ ಹಾಲೇರಿ ರಾಜವಂಶದವನೆಂದು ಹೇಳಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೋರಾಡಿದರು. ಇಷ್ಟರಿಂದಲೇ ಇವರನ್ನು ಕೀಳ್ಗಳೆಯುವುದು ಅನ್ಯಾಯ. ವರ್ಜೀನಿಯದಲ್ಲಿ 1619ರಷ್ಟು ಹಿಂದೆಯೇ ಚುನಾಯಿತ ಸಭೆ ಕೂಡಿತ್ತು. ಅರಸನ ಅಧಿಕಾರ ಬಿದ್ದಾಗ ಅದನ್ನು ವಹಿಸಿಕೊಳ್ಳಲು ಅಲ್ಲಿ ಸಭೆಗಳು ಸಿದ್ಧವಾಗಿದ್ದವು. ಸುಳ್ಯದ ರೈತನಿಗೆ ಅಂಥ ಸಭೆಯನ್ನು ಯಾರು ಕೊಟ್ಟಿದ್ದರು? ಅಷ್ಟು ಅಭ್ಯಾಸವಿದ್ದೂ ಅಮೆರಿಕದವರು ಇಂದಿನ ರಾಜ್ಯಾಂಗವನ್ನು ಬರೆಯಲು 1787ರ ವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಆ ಕಾರ್ಯವು 1946ರಿಂದ 1949ರ ವರೆಗೆ ಸಂವಿಧಾನ ಸಭೆಯಲ್ಲಿ ನಡೆಯಿತು. ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರು 1887ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದವರು. ಅವರು 1947ರಲ್ಲಿ ಅಮೆರಿಕಕ್ಕೂ ಹೋಗಿ, ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಮೊದಲಾದವರೊಡನೆ ಚರ್ಚಿಸಿ ಬಂದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ಕರಡನ್ನು ತಿದ್ದಿ ಬೆಳೆಸಿತು. ಒಂದು ವಿಷಯದಲ್ಲಂತೂ ನಾವು ಅಮೆರಿಕವನ್ನು ಮೀರಿದೆವು. ಸ್ತ್ರೀಯರ ಮತದ ಹಕ್ಕು ಅವರ ರಾಜ್ಯಾಂಗದಲ್ಲಿ ಸೇರಿದ್ದು 1920ರಲ್ಲಿ. ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಸ್ತ್ರೀಪುರುಷ, ಬಡವಬಲ್ಲಿದ ಭೇದವಿಲ್ಲದೆ ವಯಸ್ಕರೆಲ್ಲರಿಗೂ ಮತವಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಆದರೆ ಅಕ್ಷರವರಿಯದ ನನ್ನ ಅಜ್ಜಿಯ ಮತಕ್ಕೂ ನನ್ನ ಮತಕ್ಕೂ ತೂಕ ಒಂದೇ. ಇದಕ್ಕಿಂತ ದೊಡ್ಡ ಗೌರವವನ್ನು ನಮ್ಮಂಥ ಮನೆಗಳಿಗೆ ಯಾವ ಅರಸನೂ ಕೊಟ್ಟಿರಲಿಲ್ಲ.

2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಯಾದುದು ಉಚಿತವೇ ಆಯಿತು. ಆದರೆ ಪ್ರತಿಮೆಗೆ ಮಾಲೆ ಹಾಕಿದ ಮಾತ್ರಕ್ಕೆ ನಮ್ಮ ಋಣ ತೀರದು. ಸುಳ್ಯದ ರೈತನಿಗೆ ಇಲ್ಲದಿದ್ದ ಸಭೆ ಇಂದು ನಮ್ಮ ಊರೂರಿನಲ್ಲಿದೆ. ಊರಿನ ಗ್ರಾಮಸಭೆಗೆ ಹೋಗಿ, ಖರ್ಚಿನ ಲೆಕ್ಕ ಕೇಳಿ, ಒಂದು ಮಾತು ಆಡಿ ಬರುವ ಪದವೀಧರರು ನಮ್ಮಲ್ಲಿ ಎಷ್ಟು ಮಂದಿ? ಸಭೆಗಳು ಬರಿದಾದರೆ ಜನರು ಮತ್ತೆ ಒಬ್ಬ ಅರಸನನ್ನು ಹುಡುಕತೊಡಗುತ್ತಾರೆ. ಸಹಪಾಠಿಗಳೇ, ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಮುಂದಿನ ಗ್ರಾಮಸಭೆ ಎಂದೆಂದು ವಿಚಾರಿಸಿ.