ವಾಲಿದ ಕಕ್ಷೆ ಉಳಿಸಿದ ಸಂಪರ್ಕ

1983ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆಯಿಂದ ಹೊರಬಿದ್ದ ನಾಸಾದ ಟಿಡಿಆರ್‌ಎಸ್-1 ಉಪಗ್ರಹವನ್ನು ಮೇಲಕ್ಕೆ ಒಯ್ಯಬೇಕಿದ್ದ ರಾಕೆಟ್ ನಡುದಾರಿಯಲ್ಲೇ ಕೈಕೊಟ್ಟಿತು. ಎಂಜಿನಿಯರುಗಳು ಕೈಚೆಲ್ಲಲಿಲ್ಲ. ದಿಕ್ಕು ತಿದ್ದಲೆಂದು ಇಟ್ಟಿದ್ದ ಪುಟ್ಟ ನೋದಕಗಳನ್ನೇ ವಾರಗಟ್ಟಲೆ ಬಿಟ್ಟುಬಿಟ್ಟು ಉರಿಸಿ, ಎರಡು ಟನ್ನಿಗೂ ಮೀರಿದ ಭಾರವನ್ನು ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಗೆ ಮುಟ್ಟಿಸಿದರು.

ಕೊಡೆಯಂತೆ ಬಿಚ್ಚಿಕೊಳ್ಳುವ, 4.9 ಮೀಟರ್ ಅಗಲದ ಎರಡು ಆಂಟೆನಾಗಳಿಂದ ಅದು ಕೆಳಗೆ ಸುತ್ತುವ ನೌಕೆಗಳ ಸಂಕೇತ ಹಿಡಿದು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಕೇಂದ್ರಕ್ಕೆ ದಾಟಿಸುತ್ತಿತ್ತು. ದತ್ತಾಂಶ ಸಂಸ್ಕರಣೆಯೆಲ್ಲ ನೆಲದ ಮೇಲೆಯೇ. ಈ ಸರಳತೆಯೇ ಅದರ ಬಲ.

ನಿಜವಾದ ಬೆರಗು ಅದರ ಮುಪ್ಪಿನಲ್ಲಿದೆ. ಸೂರ್ಯ-ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷದಿಂದ ವರ್ಷಕ್ಕೆ ವಾಲುತ್ತಾ ಹೋಯಿತು. ಸಮಭಾಜಕದ ನೇರದಲ್ಲೇ ನಿಲ್ಲುವ ಭೂಸ್ಥಿರ ಉಪಗ್ರಹ ಧ್ರುವಕ್ಕೆ ಕಾಣುವುದಿಲ್ಲ. ವಾಲಿದ ಇದು ದಿನಕ್ಕೆ ಕೆಲವು ತಾಸು ಕಂಡಿತು. ದೋಷ ಎನಿಸಬಹುದಾದದ್ದೇ ದಕ್ಷಿಣ ಧ್ರುವದ ಅಮುಂಡ್ಸೆನ್-ಸ್ಕಾಟ್ ಕೇಂದ್ರಕ್ಕೆ ಇಂಟರ್ನೆಟ್ ತಂದಿತು. 1999ರ ಚಳಿಗಾಲದಲ್ಲಿ, ವಿಮಾನವೂ ಇಳಿಯದ ದಿನಗಳಲ್ಲಿ, ಸ್ತನ ಕ್ಯಾನ್ಸರಿಗೆ ತುತ್ತಾದ ಅಲ್ಲಿನ ವೈದ್ಯೆಗೆ ಅಮೆರಿಕದ ತಜ್ಞರ ಸಲಹೆ ತಲುಪಿದ್ದೂ ಇದರ ಮೂಲಕ.

ಹೊಸ ಉಡಾವಣೆಗಳ ಸಡಗರದಲ್ಲಿ ಹಳೆಯ ಉಪಗ್ರಹಗಳನ್ನು ಲೆಕ್ಕದಿಂದ ಕೈಬಿಡುವುದು ದೊಡ್ಡ ನಷ್ಟ. ವಿಲೇವಾರಿಗೆ ಬೇಕಾದ ಇಂಧನ ತೆಗೆದಿಟ್ಟು, ಮಿಕ್ಕ ಆಯುಷ್ಯವನ್ನು ದುರ್ಗಮ ಪ್ರದೇಶಗಳಿಗೆ ಮೀಸಲಿಡುವ ಯೋಜನೆ ಉಡಾವಣೆಗೆ ಮೊದಲೇ ಸಿದ್ಧವಿರಬೇಕು. ಟಿಡಿಆರ್‌ಎಸ್-1 ಅನ್ನೂ ಹಾಗೆಯೇ ಉಳಿದ ಇಂಧನದಿಂದ ಇನ್ನೂ ಎತ್ತರದ ಕಕ್ಷೆಗೆ ಸರಿಸಿ, 2010ರಲ್ಲಿ ನಿವೃತ್ತಿಗೊಳಿಸಲಾಯಿತು.