ಗೂಡು ಮೊದಲು, ಹಾವು ಆಮೇಲೆ

ನಾಯಿಯನ್ನು ಒಂದು ದಿನ ಕಟ್ಟಿಹಾಕಿದರೆ ಬೀದಿಗೆಲ್ಲ ಕೇಳುವಂತೆ ಊಳಿಡುತ್ತದೆ. ಬೆಕ್ಕು ಬಾಗಿಲು ಕೆರೆಯುತ್ತದೆ. ಹಾವು ಏನೂ ಅನ್ನುವುದಿಲ್ಲ. ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಕ್ಕೆ ನಾಲ್ಕು ತೂತು ಕೊರೆದು ಒಳಗೆ ಹಾಕಿದರೂ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ನಾವು ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತೇವೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಾಲ್ ಪೈಥಾನ್ ಸಾಕುತ್ತಿರುವ ಗೆಳೆಯರೇ, ಸಾಕಬೇಕೆಂದು ದುಡ್ಡು ಕೂಡಿಡುತ್ತಿರುವ ಕಾಲೇಜು ಹುಡುಗ ಹುಡುಗಿಯರೇ, ಈ ಮಾತು ನಿಮಗೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಕೇರೆ, ನಾಗರ, ನಮ್ಮ ಕಾಡಿನ ಹೆಬ್ಬಾವು ಇವನ್ನು ಎಷ್ಟೇ ಚೆಂದದ ಗೂಡು ಕಟ್ಟಿ ಸಾಕಿದರೂ ಅಪರಾಧವೇ. ಹೊರದೇಶದ ಬಾಲ್ ಪೈಥಾನನ್ನೂ 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಾಗಳು ಸಿಕ್ಕಿದವು. ಹಾಗೆ ಕದ್ದು ಬಂದದ್ದನ್ನು ಕೊಳ್ಳುವವರೊಡನೆ ಗೂಡಿನ ಚರ್ಚೆ ನನಗೆ ಬೇಕಿಲ್ಲ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೀವಿ. ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಇದಕ್ಕೊಂದು ಗುಡಿಯೇ ಇದೆ. ಗುಡಿಯಿಂದ ಹೊರಬಿದ್ದ ಹಾವು ಮನೆಯೊಳಗೆ ಹೊಕ್ಕರೆ ಊರವರು ಅದನ್ನು ಮೆಲ್ಲಗೆ ಎತ್ತಿ ಗುಡಿಗೆ ಮರಳಿಸುತ್ತಾರೆ. ನಾಗಬನದ ಮರ ಕಡಿಯಲು ಕೈ ನಡುಗುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಬೆನಿನ್, ಟೋಗೊ, ಘಾನಾಗಳಿಂದಲೇ ಮರಿಗಳು ಜಗತ್ತಿನ ಸಾಕುಪ್ರಾಣಿ ಪೇಟೆಗೆ ಸಾಗುತ್ತವೆ.

ಮಾರುವವರು ಒಂದು ಮಾತು ಹೇಳುತ್ತಾರೆ: "ಇದಕ್ಕೆ ಇಕ್ಕಟ್ಟೇ ಇಷ್ಟ ಸಾರ್, ದೊಡ್ಡ ಜಾಗ ಕೊಟ್ಟರೆ ಊಟ ಬಿಡುತ್ತದೆ." ಅರ್ಧ ನಿಜ, ಅದಕ್ಕೇ ಅಪಾಯಕಾರಿ. ಹಗಲು ಅದು ಇಲಿಬಿಲದಲ್ಲೋ ಗೆದ್ದಲಹುತ್ತದಲ್ಲೋ ಮುದುಡಿ ಕೂರುವುದು ಹೌದು. ಆದರೆ ಕತ್ತಲಾದ ಮೇಲೆ ಹೊರಡುತ್ತದೆ. ನೈಜೀರಿಯಾದಲ್ಲಿ ನಡೆದ ಅಧ್ಯಯನದಲ್ಲಿ ಗಂಡು ಹಾವುಗಳು ಮರ ಹತ್ತಿ ಹಕ್ಕಿ ಹಿಡಿಯುವುದು ಕಂಡುಬಂದಿದೆ. ನೆಲದ ಹಾವೆಂದು ನಾವು ಹಣೆಪಟ್ಟಿ ಹಚ್ಚಿದ್ದಕ್ಕೆ ಅದೇನು ಮಾಡೀತು! ಅದು ಅಂಜುವುದು ಬಯಲಿಗೆ, ವಿಸ್ತಾರಕ್ಕಲ್ಲ. ದೊಡ್ಡ ಗೂಡಿನೊಳಗೆ ಮರೆ ತುಂಬಿಸಿ, ಆಗ ನೋಡಿ.

ಬೆಳೆದ ಹೆಣ್ಣು ನಾಲ್ಕರಿಂದ ಐದು ಅಡಿ ಉದ್ದವಿರುತ್ತದೆ. ಮೈಯನ್ನು ಒಮ್ಮೆಯಾದರೂ ನೇರವಾಗಿ ಚಾಚಲಾಗದ ಪೆಟ್ಟಿಗೆಯನ್ನು ಗೂಡೆಂದು ಕರೆಯಬೇಡಿ. 2019ರಲ್ಲಿ ಜೀವವಿಜ್ಞಾನಿ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು ಸಾಕಿದ ಹಾವುಗಳನ್ನು ಗಮನಿಸಿ, ಜಾಗ ಸಿಕ್ಕಾಗ ಅವು ಮೈಚಾಚುತ್ತವೆ ಎಂದು ದಾಖಲಿಸಿದರು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂಬ ವಾಡಿಕೆಯ ಅಳತೆಯನ್ನು ಆರಂಭವೆಂದು ತಿಳಿಯಿರಿ, ಐದಡಿಯ ಹಾವಿಗೆ ಅದೂ ಸಾಲದು. ಮೇಲೆ ಜಾಲರಿ ಹೊದಿಸಿದ ಮೀನಿನ ತೊಟ್ಟಿ ಬೇಡ, ತೇವವೆಲ್ಲ ಹಾರಿಹೋಗುತ್ತದೆ. ತೇವ ಕಡಿಮೆಯಾದರೆ ಪೊರೆ ತುಂಡುತುಂಡಾಗಿ ಕಳಚಿ, ಕಣ್ಣಿನ ಮೇಲಿನ ಪೊರೆ ಅಲ್ಲೇ ಅಂಟಿಕೊಂಡುಬಿಡುತ್ತದೆ. ಹಾಗೆಂದು ನೆಲ ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಹರಡಿ, ಅಡಿ ತೇವ, ಮೇಲು ಒಣಗಿರುವಂತೆ ನೋಡಿಕೊಳ್ಳಿ. ಎರಡು ಕೊನೆಗೂ ಒಂದೊಂದು ಅಡಗುತಾಣ ಬೇಕು; ಬಾಯಂಚನ್ನು ಉಜ್ಜಿ ನುಣುಪಾಗಿಸಿ ಮಗುಚಿಟ್ಟ ಹಳೆಯ ಮಡಕೆ ಧಾರಾಳ ಸಾಕು. ಹತ್ತಲು ಗಟ್ಟಿ ಕೊಂಬೆ, ಮೈ ಅದ್ದುವಷ್ಟು ನೀರಿನ ಬೋಗುಣಿ, ಮತ್ತು ಬೀಗ. ಮೂತಿಯಿಂದ ಮುಚ್ಚಳ ತಳ್ಳುವುದರಲ್ಲಿ ಹಾವು ನಮಗಿಂತ ತಾಳ್ಮೆಯದು.

ಶಾಖದ ವಿಷಯದಲ್ಲಿ ಮಾತ್ರ ಕಂಜೂಸುತನ ಮಾಡಬೇಡಿ. ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು, ಜಾಗ ಬದಲಿಸಿ ಸರಿಪಡಿಸಿಕೊಳ್ಳುತ್ತದೆ. ಒಂದು ತುದಿ 32 ಡಿಗ್ರಿ, ಇನ್ನೊಂದು ತುದಿ 26ರ ಆಸುಪಾಸು ಇರಲಿ. ಚಿಕ್ಕ ಡಬ್ಬದಲ್ಲಿ ಎರಡು ತುದಿಗಳೇ ಇರುವುದಿಲ್ಲ! ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಿದರೆ ಹೊಟ್ಟೆ ಸುಡುತ್ತಿದ್ದರೂ ಹಾವು ಅಲ್ಲೇ ಮಲಗಿರಬಹುದು. ಬಲ್ಬಿಗೆ ತಂತಿಯ ಬುಟ್ಟಿ ಹಾಕಿ. ಡಿಸೆಂಬರ್ ರಾತ್ರಿ 15 ಡಿಗ್ರಿಗೆ ಇಳಿಯುವ ಬೆಂಗಳೂರಿನಲ್ಲಿ ಕರೆಂಟು ಹೋದಾಗ ಟಿವಿಗೆ ಮೊದಲು ಗೂಡಿಗೆ ಯುಪಿಎಸ್ ಕೊಡಿ. ಚಳಿ ಹಿಡಿದ ಹಾವಿಗೆ ತಿಂದದ್ದು ಅರಗದು, ಶ್ವಾಸಕೋಶಕ್ಕೆ ಸೋಂಕು ಬರುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ. ಹಾವು ನೋಡಬಲ್ಲ ಪಶುವೈದ್ಯರು ನಿಮ್ಮ ಬಡಾವಣೆಯಲ್ಲಿದ್ದಾರೆಯೇ ಎಂದು ಈಗಲೇ ವಿಚಾರಿಸಿ.

ಇಷ್ಟೆಲ್ಲ ಮಾಡಿದರೂ ಅದು ನಿಮ್ಮನ್ನು ಪ್ರೀತಿಸುವುದಿಲ್ಲ. ಬಾಲ ಆಡಿಸದು, ಬಾಗಿಲಲ್ಲಿ ಕಾಯದು. ಕೊರಳಿಗೆ ಸುತ್ತಿಕೊಂಡು ರೀಲ್ಸ್ ಮಾಡಿದಾಗ ಅದು ಸುಮ್ಮನಿರುವುದು ಸಲುಗೆಯಿಂದ ಎಂದು ನಂಬಬೇಡಿ. ಮರಳಿ ಏನನ್ನೂ ಕೊಡದ ಜೀವಿಯನ್ನು ನಿಮ್ಮ ಆಸೆಗಾಗಿ ಸಮುದ್ರ ದಾಟಿಸಿ ತಂದಿದ್ದೀರಿ, ಋಣವೆಲ್ಲ ನಿಮ್ಮ ಕಡೆಯೇ. ಅದೂ ಸಣ್ಣ ಅವಧಿಯದಲ್ಲ. 1961ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯ ಸೇರಿದ ಹೆಣ್ಣು ಬಾಲ್ ಪೈಥಾನೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟಿತು. ಮನೆಗಳಲ್ಲೂ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತವೆ. ನಿಮ್ಮ ಮದುವೆ, ವರ್ಗಾವಣೆ, ಬಾಡಿಗೆ ಮನೆಯ ಓನರ್ ಎಲ್ಲವೂ ಆ ಲೆಕ್ಕದೊಳಗೆ ಬರಬೇಕು.

ಈಗಾಗಲೇ ಡಬ್ಬದಲ್ಲಿಟ್ಟವರು ಈ ಭಾನುವಾರ ಟೇಪು ಹಿಡಿದು ಅಳೆಯಿರಿ, ಬಡಗಿಯನ್ನು ಕರೆಸಿರಿ. ಆಗದಿದ್ದರೆ ರಾತ್ರೋರಾತ್ರಿ ಕೆರೆಯಂಗಳದಲ್ಲಿ ಬಿಟ್ಟು ಬರಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಕಾಗದಪತ್ರ ಸಮೇತ ಬಲ್ಲವರಿಗೆ ಒಪ್ಪಿಸಿ. ಮಾರುವವರಿಗೂ ಒಂದು ಬೇಡಿಕೆ: ಮುಂಗಡ ಕೇಳುವ ಮುನ್ನ ಸಿದ್ಧವಾದ ಗೂಡಿನ ಫೋಟೊ ಕೇಳಿ, ಒಂದು ವಾರದ ಬಿಸಿ ಮತ್ತು ತೇವದ ಲೆಕ್ಕ ಕೇಳಿ. ತೋರಿಸಲಾಗದವರನ್ನು ಬರಿಗೈಯಲ್ಲಿ ಕಳುಹಿಸಿ.